ವೆಂಗಿಪಳುವಿನಿಂದ ವೃಷಭಗಿರಿಗೆ

ಕ್ರಿ.ಶ. ಹತ್ತನೆಯ ಶತಮಾನದ ದಕ್ಷಿಣಾಪಥದಲ್ಲಿ ಪುರಾಣವೂ ಧರ್ಮವೂ ದೇವಾಲಯದ ಗೋಡೆಗಳೊಳಗೆ ಉಳಿಯುವ ಸಂಗತಿಗಳಾಗಿರಲಿಲ್ಲ. ಅರಸನು ತನ್ನ ಹಿರಿಮೆಯನ್ನು ಪುರಾಣಪುರುಷರ ವಂಶದೊಡನೆ ಹೊಂದಿಸಿ ತೋರಿಸುತ್ತಿದ್ದನು. ಗೃಹಸ್ಥನು ದಾನ, ವ್ರತ, ಮರಣಗಳ ಅರ್ಥವನ್ನು ಧರ್ಮಕಥೆಗಳಿಂದ ಅರಿಯುತ್ತಿದ್ದನು. ಈ ಎರಡು ಅಗತ್ಯಗಳ ನಡುವೆ ಬದುಕಿ, ಎರಡಕ್ಕೂ ಒಂದೊಂದು ಮಹಾಕಾವ್ಯದ ಮೂಲಕ ಉತ್ತರ ಕೊಟ್ಟವನು ಪಂಪ.

ಪಂಪನ ಮನೆತನದ ಮೂಲ ವೆಂಗಿಮಂಡಲದ ವೆಂಗಿಪಳು ಎಂಬ ಅಗ್ರಹಾರ. ಶ್ರೀವತ್ಸಗೋತ್ರದ ಈ ಬ್ರಾಹ್ಮಣ ಕುಟುಂಬದ ಹಿರಿಯನಾದ ಮಾಧವ ಸೋಮಯಾಜಿಯು ಯಜ್ಞಗಳನ್ನು ಮಾಡಿ ಹೆಸರಾದವನು. ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ. ಕೊಮರಯ್ಯನ ಮಗನಾದ ಅಭಿರಾಮದೇವರಾಯನು, ಅಂದರೆ ಭೀಮಪಯ್ಯನು, ವೈದಿಕ ಮಾರ್ಗವನ್ನು ಬಿಟ್ಟು ಜೈನಧರ್ಮವನ್ನು ಸ್ವೀಕರಿಸಿದನು. ತಾಯಿ ಅಬ್ಬಣಬ್ಬೆಯು ಬೆಳ್ವೊಲನಾಡಿನ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳು. ಹೀಗೆ 902ರಲ್ಲಿ ಹುಟ್ಟಿದ ಪಂಪನಿಗೆ ತಂದೆಯ ಕಡೆಯಿಂದ ತೆಲುಗು ನೆಲದ ನಂಟೂ ತಾಯಿಯ ಕಡೆಯಿಂದ ತಿರುಳುಗನ್ನಡ ನಾಡಿನ ನಂಟೂ ಒದಗಿ ಬಂದವು.

ತಂದೆಯ ಮತಾಂತರವನ್ನು ಪಂಪನು ಮರೆಮಾಚಲಿಲ್ಲ, ಹುಟ್ಟಿದ ಕುಲವನ್ನು ಹಳಿಯಲೂ ಇಲ್ಲ. ಯಜ್ಞದ ಹೊಗೆಯಿಂದ ಮಾಧವ ಸೋಮಯಾಜಿಯ ಬಿಳಿಯ ಕೀರ್ತಿಗೆ ಕಪ್ಪು ಹತ್ತಿತೆಂದು ನೊಂದುಕೊಂಡರೂ, ಉತ್ತಮ ಕುಲದಲ್ಲಿ ಹುಟ್ಟಿದವನಿಗೆ ಜಿನಧರ್ಮವೇ ತಕ್ಕುದೆಂಬ ನೆಲೆಯಿಂದ ತಂದೆಯ ಆಯ್ಕೆಯನ್ನು ಸಮರ್ಥಿಸಿದನು. ಕುಲದ ಅಭಿಮಾನ ಉಳಿಯಿತು, ಮತ ಬದಲಾಯಿತು. ದೇವೇಂದ್ರಮುನಿಯ ಶಿಷ್ಯನಾಗಿ ಕಲಿತ ಈ ಕವಿಗೆ ವೈದಿಕ ಪರಂಪರೆಯ ಕಥೆಗಳೂ ಜಿನಾಗಮವೂ ಸಮಾನವಾಗಿ ವಶವಾಗಿದ್ದವು.

ಪಂಪನಿಗೆ ಆಶ್ರಯ ಕೊಟ್ಟವನು ವೇಮುಲವಾಡದ ಚಾಲುಕ್ಯ ವಂಶದ ಇಮ್ಮಡಿ ಅರಿಕೇಸರಿ. ಅವನು ಸಾರ್ವಭೌಮನಲ್ಲ, ರಾಷ್ಟ್ರಕೂಟರ ಸಾಮಂತ. ಆದರೆ ಸಾಮ್ರಾಜ್ಯದ ಭವಿಷ್ಯವನ್ನೇ ತಿರುಗಿಸಬಲ್ಲ ಸಾಮಂತ. ಚಕ್ರವರ್ತಿ ನಾಲ್ಕನೆಯ ಗೋವಿಂದನಿಗೆ ಎದುರಾಗಿ, ಶರಣುಬಂದ ವಿಜಯಾದಿತ್ಯನನ್ನು ಕಾಪಾಡಿ, ಬದ್ದೆಗನು ಪಟ್ಟಕ್ಕೇರಲು ಕಾರಣನಾದವನು ಅವನು. ಬಲವಿದ್ದೂ ಸಿಂಹಾಸನವಿಲ್ಲದ ಇಂತಹ ವೀರನಿಗೆ ಬೇಕಾದ ಪುರಾಣಪುರುಷ ಹಿರಿಯ ಅಣ್ಣನಾದ ಧರ್ಮರಾಯನಲ್ಲ, ತೋಳ್ಬಲದಿಂದ ಗೆದ್ದುಕೊಟ್ಟ ಅರ್ಜುನ. ಪಂಪನ ‘ವಿಕ್ರಮಾರ್ಜುನ ವಿಜಯ’ವು ಹುಟ್ಟಿದ್ದು ಈ ಅಗತ್ಯದಿಂದ.

ಹದಿನಾಲ್ಕು ಆಶ್ವಾಸಗಳ ಆ ಕಾವ್ಯದಲ್ಲಿ ಅರಿಕೇಸರಿಯ ಬಿರುದುಗಳು ಅರ್ಜುನನಿಗೆ ಸಲ್ಲುತ್ತವೆ. ಕಥಾನಾಯಕನ ಘನತೆ ಆಳುವ ಅರಸನ ಘನತೆಯೂ ಆದುದರಿಂದ ವ್ಯಾಸರ ಕಥೆಯಲ್ಲಿ ಮಾರ್ಪಾಡುಗಳು ಅನಿವಾರ್ಯವಾದವು. ದ್ರೌಪದಿ ಅರ್ಜುನನೊಬ್ಬನ ಪತ್ನಿಯಾದಳು. ಭಗವದ್ಗೀತೆಯ ಉಪದೇಶ ಬಹಳ ಕಿರಿದಾಯಿತು. ಯುದ್ಧ ಮುಗಿದ ಮೇಲೆ ಪಟ್ಟ ಸಂದದ್ದು ಅರ್ಜುನನಿಗೆ ಮತ್ತು ಸುಭದ್ರೆಗೆ. ಪುರಾಣವೆಂದರೆ ಕೈಮುಗಿದು ಕೇಳಬೇಕಾದ ಹಳೆಯ ಕಥೆ ಮಾತ್ರವಲ್ಲ, ಆಳ್ವಿಕೆಗೆ ಅರ್ಥ ಕೊಡುವ ಸಾಧನವೂ ಹೌದೆಂಬುದು ಈ ಮಾರ್ಪಾಡುಗಳಿಂದ ಸ್ಪಷ್ಟವಾಗುತ್ತದೆ.

ಆದರೂ ಕಥೆಯು ಕವಿಯ ಉದ್ದೇಶಕ್ಕೆ ಪೂರ್ತಿಯಾಗಿ ಬಗ್ಗಲಿಲ್ಲ. ನಾಯಕನು ಅರ್ಜುನನಾಗಿದ್ದರೂ ಓದುಗರ ಮನಸ್ಸಿನಲ್ಲಿ ನಿಲ್ಲುವವನು ಕರ್ಣ. ತನ್ನನ್ನು ನಂಬಿ ಅನ್ನವಿಟ್ಟ ಒಡೆಯನಿಗಾಗಿ, ಹುಟ್ಟಿನ ಗುಟ್ಟು ತಿಳಿದ ಬಳಿಕವೂ ಪಾಂಡವರ ಪಕ್ಷಕ್ಕೆ ಹೋಗದೆ ಮಡಿದವನು ಅವನು. ಪಂಪನೂ ಕವಿಯಾಗಿದ್ದಂತೆ ಕಲಿಯೂ ಆಗಿದ್ದು, ಒಡೆಯನ ಅನ್ನದ ಋಣವನ್ನು ಬಲ್ಲವನಾಗಿದ್ದನು. ಅರಸನ ಪ್ರತಿರೂಪಕ್ಕೆ ಎದುರಾಳಿಯಾದವನಿಗೆ ಇಷ್ಟು ಎತ್ತರವನ್ನು ಕೊಡುವ ಧೈರ್ಯ ಆಸ್ಥಾನಕವಿಯೊಬ್ಬನಿಗೆ ಸಣ್ಣದಲ್ಲ. ಅರಿಕೇಸರಿಯು ಕಾವ್ಯವನ್ನು ಮೆಚ್ಚಿ ಧರ್ಮವುರವೆಂಬ ಅಗ್ರಹಾರವನ್ನು ಕವಿಗೆ ಕೊಟ್ಟನು.

941ರಲ್ಲಿ ಮುಗಿದ ‘ಆದಿಪುರಾಣ’ದ ಲೋಕ ಇನ್ನೊಂದು ಬಗೆಯದು. ಜಿನಸೇನಾಚಾರ್ಯರ ಸಂಸ್ಕೃತ ಕೃತಿಯನ್ನು ಆಧರಿಸಿ ಹದಿನಾರು ಆಶ್ವಾಸಗಳಲ್ಲಿ ಬರೆದ ಈ ಕಾವ್ಯದ ವಸ್ತು ಮೊದಲ ತೀರ್ಥಂಕರನಾದ ವೃಷಭನಾಥನ ಭವಾವಳಿ. ಅರಸರ ಕೀರ್ತಿಗೆ ಇಲ್ಲಿ ನೆಲೆಯಿಲ್ಲ. ಒಡ್ಡೋಲಗದಲ್ಲಿ ಕುಣಿಯುತ್ತಿದ್ದ ನೀಲಾಂಜನೆಯ ಆಯುಸ್ಸು ನೃತ್ಯದ ನಡುವೆಯೇ ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಒಡನೆಯೇ ಅವಳಂತಹ ಇನ್ನೊಬ್ಬಳನ್ನು ನಿರ್ಮಿಸುತ್ತಾನೆ. ಸಭೆಗೆ ಅದು ತಿಳಿಯುವುದಿಲ್ಲ, ಆದಿನಾಥನಿಗೆ ಮಾತ್ರ ತಿಳಿಯುತ್ತದೆ. ಅವನ ವೈರಾಗ್ಯಕ್ಕೆ ಅದೇ ಕಾರಣವಾಗುತ್ತದೆ. ಮುಂದೆ ಬಾಹುಬಲಿಯು ಅಣ್ಣ ಭರತನನ್ನು ಗೆದ್ದ ಗಳಿಗೆಯಲ್ಲಿಯೇ ರಾಜ್ಯವನ್ನು ತೊರೆದು ತಪಸ್ಸಿಗೆ ಹೋಗುತ್ತಾನೆ.

ಭಾರತವನ್ನು ಆರು ತಿಂಗಳಲ್ಲಿಯೂ ಆದಿಪುರಾಣವನ್ನು ಮೂರು ತಿಂಗಳಲ್ಲಿಯೂ ರಚಿಸಿದುದಾಗಿ ಪಂಪನೇ ತಿಳಿಸಿದ್ದಾನೆ. ಒಂದರಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗುವುದು ಅವನು ತಾನೇ ಮಾಡಿಕೊಂಡ ವಿಭಾಗ. ಒಂದು ಕಾವ್ಯದಲ್ಲಿ ಗೆದ್ದವನಿಗೆ ಪಟ್ಟವಾಗುತ್ತದೆ, ಮತ್ತೊಂದರಲ್ಲಿ ಗೆದ್ದವನು ಪಟ್ಟವನ್ನು ಬಿಡುತ್ತಾನೆ. ಒಬ್ಬನೇ ಕವಿ ಈ ಎರಡನ್ನೂ ಮನಸಾರೆ ಬರೆದದ್ದು ಆ ಕಾಲದ ಸಮಾಜಕ್ಕೆ ಅಸಂಗತವಾಗಿ ತೋರಲಿಲ್ಲ. ಆಳುವುದಕ್ಕೆ ಒಂದು ಕಥೆ, ಬಿಡುಗಡೆಗೆ ಇನ್ನೊಂದು ಕಥೆ ಅದಕ್ಕೆ ಬೇಕಾಗಿದ್ದವು.

ಆದಿಪುರಾಣದಲ್ಲಿ ಮತ್ತೊಂದು ಸಂದರ್ಭವಿದೆ. ದಿಗ್ವಿಜಯದ ಕೊನೆಯಲ್ಲಿ ಭರತ ಚಕ್ರವರ್ತಿಯು ತನ್ನ ಹೆಸರನ್ನು ಕೆತ್ತಿಸಲು ವೃಷಭಾಚಲಕ್ಕೆ ಬರುತ್ತಾನೆ. ಬೆಟ್ಟದ ತುಂಬ ಹಿಂದೆ ಆಳಿದವರ ಹೆಸರುಗಳೇ ತುಂಬಿ, ಬರೆಯಲು ಜಾಗವೇ ಉಳಿದಿರುವುದಿಲ್ಲ. ಯಾರದೋ ಹೆಸರನ್ನು ಅಳಿಸಿ ತನ್ನದನ್ನು ಬರೆಸಬೇಕಾದಾಗ ಅವನ ಗರ್ವ ಇಳಿಯುತ್ತದೆ.

ಪಂಪನ ತಮ್ಮ ಜಿನವಲ್ಲಭನು ಧರ್ಮವುರದ ಉತ್ತರಕ್ಕಿದ್ದ ಬೆಟ್ಟವೊಂದರಲ್ಲಿ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕೆತ್ತಿಸಿ, ಪಕ್ಕದಲ್ಲಿ ಅಣ್ಣನ ಹಿರಿಮೆಯನ್ನು ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿ ಬರೆಸಿದನು. ಆ ಬೆಟ್ಟಕ್ಕೂ ಅಂದು ವೃಷಭಗಿರಿ ಎಂದೇ ಹೆಸರು. 973ರಲ್ಲಿ ರಾಷ್ಟ್ರಕೂಟ ಸಾಮ್ರಾಜ್ಯ ಕುಸಿಯಿತು, ವೇಮುಲವಾಡದ ಚಾಲುಕ್ಯರ ಆಳ್ವಿಕೆಯೂ ಚರಿತ್ರೆಗೆ ಸೇರಿತು. ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿ, ಬೊಮ್ಮಲಗುಟ್ಟದ ಬಂಡೆಯ ಮೇಲೆ ಆ ಬರಹವು ಉಳಿದಿದೆ. ಅಣ್ಣಿಗೆರೆಯ ಜೋಯಿಸನ ಮನೆಮಗಳ ಹೆಸರು ಕನ್ನಡ ಓದುಗರಿಗೆ ದೊರೆತದ್ದು ಆ ಬಂಡೆಯಿಂದ. ತೆಲುಗಿನ ಹಳೆಯ ಕಂದಪದ್ಯಗಳಲ್ಲಿ ಮೂರು ತೆಲುಗರಿಗೆ ದೊರೆತದ್ದೂ ಅದೇ ಬಂಡೆಯಿಂದ.