ಈಥನ್ ಅಲೆನ್ (ಬಂದೂಕು ತಯಾರಕ)

ಈಥನ್ ಅಲೆನ್ (1808–1871) ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬಂದೂಕು ತಯಾರಕರು. ಹಲವು ನಳಿಕೆಗಳ ಕೈಬಂದೂಕಾದ ಪೆಪ್ಪರ್‌ಬಾಕ್ಸ್ ಅನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದವರಲ್ಲಿ ಇವರು ಪ್ರಮುಖರು. ಅಮೆರಿಕದ ಸ್ವಾತಂತ್ರ್ಯ ಸಮರದ ಇದೇ ಹೆಸರಿನ ಸೇನಾನಿ ಬೇರೆ ವ್ಯಕ್ತಿ.

ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಜನಿಸಿದ ಅಲೆನ್, ಗ್ರಾಫ್ಟನ್‌ನಲ್ಲಿ ಬಂದೂಕು ತಯಾರಿಕೆ ಆರಂಭಿಸಿದರು. ಭಾವಮೈದುನ ಚಾರ್ಲ್ಸ್ ಥರ್ಬರ್ ಇವರ ಪಾಲುದಾರರಾದರು. ಕಾರ್ಖಾನೆಯು 1842ರಲ್ಲಿ ನಾರ್ವಿಚ್‌ಗೆ, 1847ರಲ್ಲಿ ವೂಸ್ಟರ್‌ಗೆ ಸ್ಥಳಾಂತರಗೊಂಡಿತು.

1837ರಲ್ಲಿ ಅಲೆನ್ ಪೇಟೆಂಟ್ ಪಡೆದ ಯಾಂತ್ರಿಕ ವ್ಯವಸ್ಥೆಯು ಪೆಪ್ಪರ್‌ಬಾಕ್ಸ್‌ನ ಯಶಸ್ಸಿಗೆ ಕಾರಣವಾಯಿತು. ಟ್ರಿಗರ್ ಎಳೆದರೆ ಸಾಕು, ನಳಿಕೆಗಳ ಗುಚ್ಛ ತಿರುಗಿ, ಹ್ಯಾಮರ್ ಮೇಲೆದ್ದು ಬಡಿದು ಗುಂಡು ಹಾರುತ್ತಿತ್ತು. ಸ್ಯಾಮ್ಯುಯೆಲ್ ಕೋಲ್ಟ್ ಅವರ ರಿವಾಲ್ವರ್‌ನಲ್ಲಿ ಪ್ರತಿ ಗುಂಡಿಗೂ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆಯಬೇಕಿತ್ತು. ಕ್ಷಿಪ್ರವಾಗಿ ಹಾರಿಸಬಹುದಾದ ಪೆಪ್ಪರ್‌ಬಾಕ್ಸ್ ಅನ್ನು 1849ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಚಿನ್ನ ಅರಸಿ ಹೊರಟ ಅನೇಕರು ಆತ್ಮರಕ್ಷಣೆಗಾಗಿ ಒಯ್ದರು.

ಆದರೆ ಈ ಅನುಕೂಲದ ಜೊತೆಗೆ ದೋಷಗಳೂ ಇದ್ದವು. ನಳಿಕೆಗಳ ಭಾರದಿಂದ ಮುಂಭಾಗ ವಾಲುತ್ತಿತ್ತು. ಮೇಲಿದ್ದ ಹ್ಯಾಮರ್ ಗುರಿಗೆ ಅಡ್ಡವಾಗುತ್ತಿತ್ತು. ಹೀಗಾಗಿ ಇದು ಅತಿ ಸಮೀಪದ ಗುರಿಗಷ್ಟೇ ಉಪಯುಕ್ತವಾಗಿತ್ತು. ಒಂದೇ ನಳಿಕೆಯ ರಿವಾಲ್ವರ್ ಕ್ರಮೇಣ ಇದರ ಸ್ಥಾನವನ್ನು ಆಕ್ರಮಿಸಿತು. ಅಲೆನ್ ಸಹ ಥಾಮಸ್ ವೀಲಾಕ್ ಅವರೊಡಗೂಡಿ ರಿವಾಲ್ವರ್‌ಗಳ ತಯಾರಿಕೆಗೆ ತೊಡಗಿದರು.

1871ರಲ್ಲಿ ಅವರ ನಿಧನಾನಂತರ ಅಳಿಯಂದಿರಾದ ಫೋರ್‌ಹ್ಯಾಂಡ್ ಮತ್ತು ವಾಡ್ಸ್‌ವರ್ತ್ ಉದ್ಯಮವನ್ನು ಮುಂದುವರಿಸಿದರು. ಪೆಪ್ಪರ್‌ಬಾಕ್ಸ್ ಬಳಕೆಯಿಂದ ಮರೆಯಾದರೂ, ಟ್ರಿಗರ್‌ನ ಒಂದೇ ಎಳೆತಕ್ಕೆ ಗುಂಡು ಹಾರುವ ತತ್ತ್ವವು ನಂತರದ ರಿವಾಲ್ವರ್‌ಗಳಲ್ಲಿ ಉಳಿಯಿತು.