ಕೊಟ್ಟಿಗೆಯಲ್ಲಿ ವಿದ್ಯಾರ್ಥಿಯಾದ ಗಾಂಧೀಜಿ

ಮಕ್ಕಳೇ, ಗಾಂಧೀಜಿ ಎಂದೊಡನೆ ನಿಮಗೆ ಚರಕ, ಕೋಲು, ಉಪ್ಪಿನ ಸತ್ಯಾಗ್ರಹ ನೆನಪಾಗುತ್ತವೆ. ನಮ್ಮ ಅಗಡಿಗೆ ಸಮೀಪದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1930ರಲ್ಲಿ ಸಾಬರಮತಿ ಆಶ್ರಮದಿಂದ ಅವರೊಂದಿಗೆ ದಂಡಿಗೆ ನಡೆದವರು. ಆ ಆಶ್ರಮದಲ್ಲಿ ಒಂದು ಗೋಶಾಲೆಯೂ ಇತ್ತು. ಆಕಳು, ಕರುಗಳ ಪಾಲನೆಯನ್ನು ಗಾಂಧೀಜಿ ಒಂದು ವಿಜ್ಞಾನವೆಂದು ತಿಳಿದು ಕಲಿತರು. ಆ ಕಥೆಯನ್ನು ಈಗ ಓದೋಣ.

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ಲಂಡನ್ನಿನಲ್ಲಿ ಕಾನೂನು ಓದಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿ 1904ರಲ್ಲಿ ಫೀನಿಕ್ಸ್, 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಕಟ್ಟಿದರು. ಎಲ್ಲರೂ ಕೂಡಿ ಹೊಲದಲ್ಲಿ ದುಡಿಯುವುದು ಅಲ್ಲಿನ ನಿಯಮ. ಹಾಲಿಗಾಗಿ ದನಗಳನ್ನು ಹಿಂಸಿಸುವುದನ್ನು ತಿಳಿದು ನೊಂದ ಅವರು 1912ರಲ್ಲಿ ಹಾಲು ಕುಡಿಯುವುದನ್ನೇ ಬಿಟ್ಟರು. ಮುಂದೆ ತೀವ್ರ ಕಾಯಿಲೆಯಾದಾಗ ಆಡಿನ ಹಾಲನ್ನಷ್ಟೇ ಒಪ್ಪಿಕೊಂಡರು.

ಬೆಂಗಳೂರಿನ ಪಾಠ

1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾಗಿದ್ದರು. ಆಗ ಅಲ್ಲಿ ನಡೆದ ಗೋರಕ್ಷಣಾ ಪರಿಷತ್ತಿಗೂ ಅವರೇ ಅಧ್ಯಕ್ಷರು. ಪೂಜೆಯೊಂದರಿಂದಲೇ ಆಕಳು ಉಳಿಯದು ಎಂಬುದು ಅವರ ವಿಚಾರ. ಗೋಶಾಲೆ ಮುದಿ ದನಗಳ ಆಸರೆ ಮಾತ್ರವಾಗಬಾರದು, ಒಳ್ಳೆಯ ಹೋರಿಗಳಿರುವ ಡೇರಿಯೂ ಆಗಬೇಕು ಎಂದು ಅವರು ಬಯಸಿದರು.

ಆದರೆ ಡೇರಿ ನಡೆಸಲು ತಿಳಿವಳಿಕೆ ಬೇಕಲ್ಲವೇ? 1927ರಲ್ಲಿ ಕಾಯಿಲೆ ಬಿದ್ದ ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಬೆಂಗಳೂರಿಗೆ ಬಂದರು. ಅಲ್ಲಿನ ಆಡುಗೋಡಿಯಲ್ಲಿ 1923ರಲ್ಲಿ ಆರಂಭವಾದ ಸರಕಾರಿ ಡೇರಿ ಸಂಸ್ಥೆಯಿತ್ತು. 57 ವರ್ಷದ ಗಾಂಧೀಜಿ ಹಲವು ದಿನ ಅಲ್ಲಿಗೆ ಹೋಗಿ, ಡೇರಿ ತಜ್ಞ ವಿಲಿಯಂ ಸ್ಮಿತ್ ಅವರಿಂದ ಹೈನುಗಾರಿಕೆ ಕಲಿತರು. ಸಂದರ್ಶಕರ ಪುಸ್ತಕದಲ್ಲಿ ತಮ್ಮ ಉದ್ಯೋಗ ಒಕ್ಕಲುತನವೆಂದು ಬರೆದರು. ಅದೇ ಸಂಸ್ಥೆ ಇಂದು ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಾಗಿದೆ.

ಒಂದು ಕರುವಿನ ಪ್ರಶ್ನೆ

1928ರಲ್ಲಿ ಆಶ್ರಮದ ಕರುವೊಂದು ಊನಗೊಂಡು ನೆಲ ಹಿಡಿಯಿತು. ಮಗ್ಗುಲು ಬದಲಿಸಲೂ ಅದಕ್ಕೆ ಆಗುತ್ತಿರಲಿಲ್ಲ. ಆರೈಕೆ, ಔಷಧ ಯಾವುದೂ ಫಲಿಸಲಿಲ್ಲ. ಇನ್ನು ಗುಣವಾಗದೆಂದು ವೈದ್ಯರು ತಿಳಿಸಿದರು. ನೋವು ಮುಗಿಸಬೇಕೇ, ಬಿಡಬೇಕೇ? ಗಾಂಧೀಜಿ ಒಬ್ಬರೇ ಆಜ್ಞೆ ಹೊರಡಿಸಲಿಲ್ಲ. ಆಶ್ರಮದ ವ್ಯವಸ್ಥಾಪಕ ಮಂಡಳಿಯ ಮುಂದೆ ವಿಷಯವಿಟ್ಟರು. ನಾವು ಕೊಡಲಾರದ ಜೀವವನ್ನು ತೆಗೆಯುವ ಹಕ್ಕು ನಮಗಿಲ್ಲ ಎಂದವರ ವಾದವನ್ನೂ ಕೇಳಿದರು. ಕೊನೆಗೆ ತಾವೇ ಮುಂದೆ ನಿಂತು, ವೈದ್ಯರಿಂದ ಚುಚ್ಚುಮದ್ದು ಕೊಡಿಸಿದರು. ಕರು ಶಾಂತವಾಗಿ ಕಣ್ಣು ಮುಚ್ಚಿತು.

ಸಿಟ್ಟಿನ ಪತ್ರಗಳು ರಾಶಿ ರಾಶಿ ಬಂದವು. ಗಾಂಧೀಜಿ ಯಾರ ಮೇಲೂ ಹೊಣೆ ಹೊರಿಸದೆ, ತಮ್ಮ ‘ನವಜೀವನ’ ಪತ್ರಿಕೆಯಲ್ಲಿ ಕಾರಣಗಳನ್ನು ವಿವರಿಸಿದರು. ಇಂಥ ತೀರ್ಮಾನಕ್ಕೆ ಇಂದಿಗೂ ಪಶುವೈದ್ಯರ ಸಲಹೆಯೇ ಆಧಾರ.

ಗಾಂಧೀಜಿ 1948ರ ಜನವರಿ 30ರಂದು ಹುತಾತ್ಮರಾದರು. ಅವರ ನಂತರ ಕರು ಸಾಕಣೆಯ ವಿಜ್ಞಾನ ಬಹಳ ಬೆಳೆದಿದೆ. ಹುಟ್ಟುವಾಗ ಕರುವಿನ ರಕ್ತದಲ್ಲಿ ರೋಗನಿರೋಧಕ ಕಣಗಳು ಇಲ್ಲವೆನ್ನುವಷ್ಟು ಕಡಿಮೆ. ಅವು ಗಿಣ್ಣದ ಹಾಲಿನಿಂದ ಬರಬೇಕು. ಅವನ್ನು ಹೀರಿಕೊಳ್ಳುವ ಶಕ್ತಿ ಕರುಳಿಗೆ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. 24 ಗಂಟೆ ಕಳೆಯುವಷ್ಟರಲ್ಲಿ ಅದು ಬಹುತೇಕ ಮುಗಿಯುತ್ತದೆ. ಆದ್ದರಿಂದ ಮಾಸು ಬೀಳಲಿ ಎಂದು ಕಾಯದೆ ಗಿಣ್ಣ ಕುಡಿಸಬೇಕು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟಾದರೂ ಬೇಕು. 25 ಕಿಲೋ ಕರುವಿಗೆ ಎಷ್ಟು? ಲೆಕ್ಕ ಹಾಕಿ. ಕಡಸನ್ನು ಗಬ್ಬ ಕಟ್ಟಿಸುವಾಗಲೂ ವಯಸ್ಸಿಗಿಂತ ತೂಕ ಮುಖ್ಯ. ಅದು ಬೆಳೆದ ಆಕಳ ತೂಕದ ಸುಮಾರು ಶೇ. 60 ಇರಬೇಕು.

ಮಾಡಿ ನೋಡಿ: ಹಿರಿಯರ ಜೊತೆಯಲ್ಲಿ ನಿಮ್ಮ ಕೊಟ್ಟಿಗೆಯ ಕರುವಿನ ಮುಂಗಾಲುಗಳ ಹಿಂದೆ, ಎದೆಯ ಸುತ್ತ ದಾರ ಹಿಡಿದು ಅಳೆಯಿರಿ. 15 ದಿನಕ್ಕೊಮ್ಮೆ ಅಳತೆಯನ್ನು ಬರೆದಿಟ್ಟು ನಕ್ಷೆ ಬಿಡಿಸಿ. ಗೆರೆ ಏರದೇ ನಿಂತರೆ ಪಶುವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿ.