ತಾಯಂದಿರ ಸಾವಿನ ಲೆಕ್ಕವಿಟ್ಟ ವೈದ್ಯ

ಹಂಗೇರಿಯ ಬುಡಾ ನಗರದ ದಿನಸಿ ವ್ಯಾಪಾರಿಯೊಬ್ಬನ ಮಗನಾಗಿ 1818ರಲ್ಲಿ ಜನಿಸಿದ ಇಗ್ನಾಸ್ ಸೆಮ್ಮೆಲ್ವೈಸ್ ನ್ಯಾಯಶಾಸ್ತ್ರ ಓದಲೆಂದು ವಿಯೆನ್ನಾಕ್ಕೆ ಬಂದು, ಮನಸ್ಸು ಬದಲಿಸಿ ವೈದ್ಯನಾದನು. 1846ರಲ್ಲಿ ಅಲ್ಲಿನ ಸಾರ್ವಜನಿಕ ಆಸ್ಪತ್ರೆಯ ಪ್ರಸೂತಿ ವಿಭಾಗಕ್ಕೆ ಸಹಾಯಕನಾಗಿ ಸೇರಿದಾಗ, ಬಿಡಿಸಲಾಗದ ಲೆಕ್ಕವೊಂದು ಅವನ ಕಣ್ಣಿಗೆ ಬಿತ್ತು.

ಆ ಆಸ್ಪತ್ರೆಯಲ್ಲಿ ಎರಡು ಪ್ರಸೂತಿಶಾಲೆಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ಶಿಕ್ಷಣ ಪಡೆಯುತ್ತಿದ್ದರು. 1841ರಿಂದ 1846ರವರೆಗೆ ಮೊದಲನೆಯದರಲ್ಲಿ ನೂರಕ್ಕೆ ಸುಮಾರು 10 ಮಂದಿ ತಾಯಂದಿರು ಮಡಿದಿದ್ದರು. ಎರಡನೆಯದರಲ್ಲಿ ಸುಮಾರು 4 ಮಂದಿ. ಈ ಅಂಕಿಗಳನ್ನು ವೈದ್ಯರೆಲ್ಲರೂ ಬಲ್ಲರು. ಆದರೂ ಬಾಣಂತಿ ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ಹೇಳಿ ಸುಮ್ಮನಾಗುತ್ತಿದ್ದರು. ಒಂದೇ ಆವರಣದ ಗಾಳಿ ಒಂದು ಕಡೆ ಮಾತ್ರ ಹೆಚ್ಚು ಕೊಲ್ಲುವುದೆಂತು? ಬಡ ಬಸುರಿಯರು ಆ ಲೆಕ್ಕವನ್ನು ಅವರಿಗಿಂತ ಚೆನ್ನಾಗಿ ಅರಿತಿದ್ದರು. ದಾಖಲಾತಿಯ ಸರದಿ ಮೊದಲನೆಯ ಶಾಲೆಯದಾದ ದಿನ, ತಮ್ಮನ್ನು ಎರಡನೆಯದಕ್ಕೆ ಸೇರಿಸಿರೆಂದು ಮೊಣಕಾಲೂರಿ ಬೇಡುತ್ತಿದ್ದರು.

1847ರ ಮಾರ್ಚಿಯಲ್ಲಿ ಅವನ ಮಿತ್ರ ಕೊಲೆಚ್ಕಾ ಶವಪರೀಕ್ಷೆಯ ವೇಳೆ ಕತ್ತಿ ತಾಗಿ ತೀರಿಕೊಂಡನು. ಆ ದೇಹದಲ್ಲಿ ಕಂಡ ವಿಕಾರಗಳು ಬಾಣಂತಿಯರ ಶವಗಳಲ್ಲಿ ಕಂಡವೇ ಆಗಿದ್ದವು. ಶವಾಗಾರದಿಂದ ಹೆರಿಗೆಯ ಕೋಣೆಗೆ ವಿಷವನ್ನು ಒಯ್ಯುತ್ತಿದ್ದುದು ವೈದ್ಯರ ಕೈಗಳೇ! ಮೇ ತಿಂಗಳಲ್ಲಿ ಸೆಮ್ಮೆಲ್ವೈಸ್ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದನು. ಆ ವರ್ಷದ ಏಪ್ರಿಲ್ಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು, 1848ರಲ್ಲಿ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು ಎಂಬಷ್ಟಕ್ಕೆ ಇಳಿಯಿತು.

ಇಂಥ ಸಾಕ್ಷ್ಯವೂ ಗೆಲ್ಲಲಿಲ್ಲ. ಅದನ್ನು ಒಪ್ಪುವುದೆಂದರೆ ತನ್ನ ಕೈಯಿಂದಲೇ ತಾಯಂದಿರು ಸತ್ತರೆಂದು ಒಪ್ಪಿದಂತೆ. ಹಾಗೆ ಒಪ್ಪಿದ ಕೀಲ್ ನಗರದ ವೈದ್ಯ ಮಿಖಾಯೆಲಿಸ್ ಆ ಭಾರವನ್ನು ತಾಳಲಾರದೆ 1848ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಉಳಿದವರಲ್ಲಿ ಅನೇಕರು ಕಣ್ಣು ಮುಚ್ಚಿಕೊಂಡರು. ಸೆಮ್ಮೆಲ್ವೈಸನಾದರೂ ಲೇಖನಿಗೆ ಅಂಜುವವನು. ಅವನ ಪರವಾಗಿ ಗೆಳೆಯರು ಬರೆದರು, ಮಾತನಾಡಿದರು. ಕೇಳಿದವರು ಅದನ್ನು ಅರೆಬರೆಯಾಗಿ ಗ್ರಹಿಸಿದರು. 1850ರಲ್ಲಿ ಅವನು ಮನನೊಂದು ವಿಯೆನ್ನಾ ತೊರೆದು ಪೆಸ್ಟ್ ನಗರಕ್ಕೆ ಹೋದನು. ಅಲ್ಲಿಯೂ ಬಾಣಂತಿಯರನ್ನು ಉಳಿಸಿದನು. ಕೊನೆಗೆ 1861ರಲ್ಲಿ ಅವನ ಗ್ರಂಥ ಹೊರಬಂದಿತು: ಕೋಷ್ಟಕಗಳ ಮೇಲೆ ಕೋಷ್ಟಕ, ನಡುನಡುವೆ ಕೋಪ. ಒಪ್ಪದವರನ್ನು ಬಹಿರಂಗ ಪತ್ರಗಳಲ್ಲಿ ಕೊಲೆಗಡುಕರೆಂದು ಜರೆದನು. ಜರೆಸಿಕೊಂಡವರು ಮತ್ತಷ್ಟು ದೂರ ಸರಿದರು.

1865ರಲ್ಲಿ ಬುದ್ಧಿ ಕೆಟ್ಟಿತೆಂದು ಅವನನ್ನು ವಿಯೆನ್ನಾದ ಹುಚ್ಚಾಸ್ಪತ್ರೆಗೆ ಸೇರಿಸಿದರು. ಎರಡೇ ವಾರಗಳಲ್ಲಿ, ಗಾಯವೊಂದು ನಂಜೇರಿ, ತನ್ನ 47ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಅಂಕಿಯನ್ನು ಕಾಣುವುದು ವೈದ್ಯನ ಅರ್ಧ ಕೆಲಸ. ಅದನ್ನು ಕೇಳುವವರ ಮನಸ್ಸಿಗೆ ಮುಟ್ಟಿಸುವುದು ಉಳಿದರ್ಧ. ಆ ಅರ್ಧಕ್ಕೆ ಅವನು ತನ್ನ ಗ್ರಂಥದ ಮೂಲಕ ಕೈಹಾಕಿದ್ದು 14 ವರ್ಷ ತಡವಾಗಿ. ಅದರ ಬೆಲೆ ತೆತ್ತವರು ಯುರೋಪಿನ ತಾಯಂದಿರು.